ಬಾಣಂತಿ ಮನೆಗೆ ಕೌದಿಯ ಬಾಗಿಲು

ಅಣ್ಣಿಗೇರಿಯ ಓಣಿಯೊಂದರಲ್ಲಿ ಬೆಳಗಿನ ಹೊತ್ತು ಮನೆ ಮಾಲೀಕ ಸಿದ್ದರಾಮ ಬಡಿಗನನ್ನು ಕರೆತಂದ. ಬಾಡಿಗೆಗಿದ್ದ ರೇವವ್ವನ ಮನೆಯ ಬಾಗಿಲನ್ನೇ ಕಿತ್ತು ಒಯ್ದ. ಒಳಗೆ ರೇವವ್ವನ ಮಗಳು ಮಹಾಲಕ್ಷ್ಮಿ, ಹಸಿ ಬಾಣಂತಿ, ಕೂಸನ್ನು ಎದೆಗವಚಿಕೊಂಡು ಗೋಡೆಗೆ ಮುಖ ಮಾಡಿ ಕುಳಿತಳು. ಚಳಿಗಾಳಿ ನೇರ ಒಳಗೆ ನುಗ್ಗಿತು.

"ಸಂಜಿ ಒಳಗ ಖಾಲಿ ಆಗಬೇಕ್ ನೋಡ್ರಿ. ಬ್ಯಾರೆ ಬಾಡಿಗಿದಾರ ಬರ್ತಾನ," ಎಂದು ಹೇಳಿ ಹೋಗಿದ್ದ ಸಿದ್ದರಾಮ.

ರೇವವ್ವನ ಗಂಡ, ಹಮಾಲಿ ಹನಮಪ್ಪ, ಹಾಸಿಗೆ ಸುತ್ತತೊಡಗಿದ. ಅಷ್ಟರಲ್ಲಿ ಬಾಜು ಮನೆಯ ರೂಬಿನಾ ಓಡಿ ಬಂದಳು. ಮಹಿಳಾ ಸಂಘದವಳು, ಕಾನೂನು ತರಬೇತಿ ಪಡೆದವಳು.

"ಏನ್ ಮಾಡಾಕತ್ತೀರಿ ಕಾಕಾ?"

"ಮತ್ತೇನ್ ಮಾಡೂದವ್ವಾ? ಮನಿ ಅವರದು. ಕರಾರಿನ ಬಾಂಡ್ ಇಲ್ಲ, ಏನಿಲ್ಲ. ಬರೇ ಮಾತಿನ ಮ್ಯಾಲೆ ಇದ್ದೇವಿ."

"ಬಾಡಿಗಿ ಕೊಟ್ಟೀರಿಲ್ಲೋ?"

"ತಪ್ಪದ ಫೋನಿನ್ಯಾಗ ಹಾಕೇವಿ."

"ಮುಗೀತಲ್ಲ! ಬಾಂಡ್ ಇಲ್ಲದಿದ್ರೂ ನೀವು ಬಾಡಿಗಿದಾರ್ರ. ಕೋರ್ಟಿನ ಆದೇಶ ಇಲ್ಲದ ನಿಮ್ಮನ್ನ ಹೊರಗ ಹಾಕೂಹಂಗಿಲ್ಲ. ಬಾಗಿಲಾ ಕೀಳೂದು, ನೀರು-ಕರೆಂಟ್ ಕತ್ತರಸೂದು, ಯಾವುದೂ ನಡಿಯೂದಿಲ್ಲ. ಮದ್ಲ ಆ ಹಾಸಿಗಿ ಬಿಚ್ಚರಿ. ನೀವ ಹೊರಬಿದ್ರ 'ತಾವ ಬಿಟ್ಟು ಹೋದ್ರು' ಅಂತಾನ."

"ದೊಡ್ಡವರ ಕೂಡ ಜಗಳ ಬ್ಯಾಡವಾ..."

ರೇವವ್ವ ಸಿಡಿದಳು: "ಕ್ವಿಂಟಲ್ ಚೀಲಾ ಹೊರತೀ, ಒಂದ್ ಮಾತಿನ ಭಾರ ಹೊರಾಕ ಆಗೂದಿಲ್ಲ ನಿನಗ? ಹಸಿ ಬಾಣಂತಿನ ಎತ್ತಾಗ ಒಯ್ತೀ?"

ಅಷ್ಟೇ ಅಂದು, ಹಳೆ ಬಟ್ಟೆ ಹೊಲಿದ ದಪ್ಪನೆಯ ಕೌದಿಯೊಂದನ್ನು ಎಳೆದು ಬೋಳು ಚೌಕಟ್ಟಿಗೆ ಬಿಗಿದಳು. ರೂಬಿನಾ ಫೋಟೊ ತೆಗೆದಳು. ಪೊಲೀಸರಿಗೂ ಕಾನೂನು ನೆರವಿನವರಿಗೂ ಫೋನ್ ಹಚ್ಚಿದಳು. ಓಣಿಯ ಹೆಂಗಸರು ಬಂದು ಕೌದಿಯ ಮುಂದೆ ಸಾಲಾಗಿ ಕುಳಿತರು.

ಸಂಜೆ ಸಿದ್ದರಾಮ ಹೊಸ ಬಾಡಿಗೆದಾರನ ಜೊತೆ ಬಂದ. "ಇನ್ನೂ ಹೋಗಿಲ್ಲೇನು? ನನ್ನ ಮನಿ, ನನ್ನ ಬಾಗಿಲಾ!"

"ಮನಿ ನಿಮ್ಮದ ಸಾವಕಾರ್ರ. ಬಾಣಂತಿ ಮರ್ಯಾದಿ ನಿಮ್ಮದಲ್ಲ," ಎಂದಳು ರೂಬಿನಾ.

ಪೊಲೀಸರ ಜೊತೆ ಬಂದ ಕಾನೂನು ನೆರವಿನ ವಕೀಲೆ ರೋಹಿಣಿ ಖಡಕ್ಕಾಗಿ ಹೇಳಿದರು: "ಖಾಲಿ ಮಾಡಸಬೇಕಂದ್ರ ಕೋರ್ಟಿಗೆ ಬರ್ರಿ, ಕಾರಣ ಹೇಳ್ರಿ. ಅದು ನಿಮ್ಮ ಹಕ್ಕು. ಇದು ಗೂಂಡಾಗಿರಿ. ಈಗಿಂದೀಗ ಬಾಗಿಲಾ ಹಚ್ಚದಿದ್ರ ಕೇಸ್ ಆಗ್ತದ."

ಹೊಸಬ ಹಿಂದೆ ಸರಿದ. "ಇಂಥಾ ಮಾಲೀಕನ ಮನಿ ನನಗ ಬ್ಯಾಡ್ರೀ ಯಪ್ಪಾ!"

ಕಡೆಗೆ ಬಡಿಗನನ್ನು ಮತ್ತೆ ಕರೆಸಿ, ಸಿದ್ದರಾಮನೇ ಬಾಗಿಲಿಗೆ ಹೆಗಲು ಕೊಟ್ಟ. ಒಂದು ತುದಿಗೆ ಬಡಿಗ, ಇನ್ನೊಂದಕ್ಕೆ ಮಾಲೀಕ. ಓಣಿಗೆ ಓಣಿಯೇ ನಿಂತು ನೋಡಿತು.

"ಏ ಹನಮಪ್ಪಾ, ಒಂದಿಷ್ಟ್ ಕೈ ಹಚ್ಚೋ," ಎಂದ ಸಿದ್ದರಾಮ ಏದುಸಿರು ಬಿಡುತ್ತಾ.

ಹನಮಪ್ಪ ಕೈಕಟ್ಟಿ ನಿಂತ. "ಕೀಳಾಗ ನನ್ನ ಕೇಳಿದ್ರೇನ್ರಿ?"

ಹೆಂಗಸರ ನಗು ಮಾಳಿಗೆ ಮುಟ್ಟಿತು. ಕೌದಿಯ ಹಿಂದೆ ಮಹಾಲಕ್ಷ್ಮಿಯೂ ನಕ್ಕಳು.

ಬಾಡಿಗೆ ಕೊಟ್ಟು ಬಾಳುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಮನೆ ಮಾಲೀಕನಿಗೆ ಬಾಡಿಗೆ ಸಲ್ಲಬೇಕು, ನಮ್ಮ ತಲೆ ಬಾಗಬೇಕಿಲ್ಲ. ಕರಾರು ಬರೆಸಿಕೊಳ್ಳಿ. ಬಾಡಿಗೆ ಕೊಟ್ಟದ್ದಕ್ಕೆ ಗುರುತು ಇಟ್ಟುಕೊಳ್ಳಿ. ಬಲವಂತಕ್ಕೆ ಇಳಿದರೆ 112ಕ್ಕೆ, ಕಾನೂನು ನೆರವಿಗೆ 15100ಕ್ಕೆ ಫೋನ್ ಮಾಡಿ. ಹೆಣ್ಣುಮಕ್ಕಳಿಗೆ, ಆದಾಯ ಎಷ್ಟೇ ಇರಲಿ, ಸರ್ಕಾರಿ ಕಾನೂನು ನೆರವು ಪುಕ್ಕಟೆ. ಯಾರಾದರೂ "ಹೊರಗ ನಡೀರಿ" ಎಂದರೆ ಗಂಟು ಕಟ್ಟಬೇಡಿ. ಎದ್ದು ನಿಂತು ಕೇಳಿ: "ಕೋರ್ಟಿನ ಆದೇಶ ಎಲ್ಲೈತ್ರಿ?"