ಗೋಡೆ ಓದಿದ ಪುಟ

೧
ಎಲ್ಲಿಂದ ಶುರು ಮಾಡಲಿ? ಭಾನುವಾರ ಬೆಳಿಗ್ಗೆ ಆರ್ಜಿಯಾ ಒಲೆಯ ಮುಂದೆ ಮೈದಾ ಅಂಟು ಕಾಯಿಸುತ್ತಿದ್ದಳು. (ತೀರಾ ಅಡುಗೆಮನೆ ಕಥೆಯಾಯಿತು. ಹೊಡೆದುಹಾಕಿದೆ. ಆದರೆ ಅಂಟು ಬೇಕು, ಇರಲಿ.)

೨
ಇಟಲಿಯ ಪೋ ನದಿ ದಡದ ಈ ಊರಲ್ಲಿ ಪಕ್ಷದ ಪತ್ರಿಕೆ ಎಂದರೆ ಒಂದೇ ಹಾಳೆ, ಎರಡು ಮಗ್ಗುಲು. ಪ್ರತಿ ಭಾನುವಾರ ಆರ್ಜಿಯಾ ಅದನ್ನು ಸದಸ್ಯರ ಮನೆಮನೆಗೆ ಮುಟ್ಟಿಸುತ್ತಾಳೆ. ಅದಕ್ಕೂ ಮೊದಲು ಚೌಕದ ಗೋಡೆಗೆ ಎರಡು ಪ್ರತಿ ಅಂಟಿಸಬೇಕು: ಒಂದರ ಮುಂಬದಿ, ಇನ್ನೊಂದರ ಹಿಂಬದಿ.

ಇವತ್ತು ಮುಂಬದಿಯಲ್ಲಿ ನಾಯಕರ ದೊಡ್ಡ ಫೋಟೋ. ಹಿಂಬದಿಯಲ್ಲಿ ಅವಳ ತಮ್ಮ ನೇರಿಯೋನ ಹೆಸರು: ದ್ರೋಹಿ, ಉಚ್ಚಾಟಿತ. ಅವನು ಮಾಡಿದ್ದಿಷ್ಟೇ, ಸಭೆಯಲ್ಲಿ ಎದ್ದು "ನಾಯಕರು ಹೇಳಿದ್ದು ಸುಳ್ಳು" ಅಂದದ್ದು. ಊರು ಇದನ್ನು ಓದಿದರೆ ಸಹಕಾರಿ ಹೋಟೆಲಿನಲ್ಲಿ ಅವನ ಜೊತೆ ಇಸ್ಪೀಟಿಗೆ ಯಾರೂ ಕೂರುವುದಿಲ್ಲ. ಇಲ್ಲಿ ಬದುಕಿದ್ದೂ ಸತ್ತಂತೆ ಎಂದರೆ ಅದೇ.

೩
ಅವಳು ಅತ್ತಳು ಎಂದು ಬರೆದೆ.

"ಬೇಕಾದ್ರೆ ನೀನೇ ಅತ್ಕೋ," ಅಂದಳು. "ಅಂಟು ತಳ ಹಿಡೀತಿದೆ, ಸುಮ್ನಿರು."

ಹಾಗಾದರೆ ಪತ್ರಿಕೆಯ ಕಟ್ಟನ್ನು ನದಿಗೆಸೆ ಅಂದೆ.

"ನಾನೇನು ಕಳ್ಳೀನಾ? ಪತ್ರಿಕೆ ಅಂಟಿಸೋದು ನನ್ ಕೆಲ್ಸ. ಅಂಟಿಸ್ತೀನಿ."

(ನನ್ನ ಪಾತ್ರಗಳು ನನ್ನ ಮಾತು ಕೇಳಿದ್ದು ಯಾವತ್ತು?)

೪
ಇಡೀ ಕಟ್ಟನ್ನೇ ಅಂಟಿಸಿಬಿಟ್ಟಳು. ಮನೆಮನೆಗೆ ಒಂದೂ ಉಳಿಯಲಿಲ್ಲ. ಎಲ್ಲಕ್ಕೂ ಮುಂಬದಿ ಹೊರಗೆ. ಗೋಡೆ ತುಂಬ ನಾಯಕರೇ ನಾಯಕರು.

ಪಕ್ಷದ ಕಾರ್ಯದರ್ಶಿ ಎರ್ಮೆಸ್ ಏದುಸಿರು ಬಿಡುತ್ತ ಬಂದ. "ಏನಮ್ಮಾ ಇದು! ಹಿಂದಿನ ಪುಟ ಎಲ್ಲಿ?"

"ಗೋಡೆ ಓದ್ತಿದೆ, ಕಾಮ್ರೇಡ್."

"ಕೀಳು ಒಂದನ್ನ!"

"ನೀನೇ ಕೀಳಪ್ಪ, ಊರೇ ನೋಡ್ತಿದೆ. ನಾಯಕರ ಮುಖ ಹರಿದ ದ್ರೋಹಿ ಅಂತ ಮುಂದಿನ ಭಾನುವಾರ ನಿನ್ ಹೆಸ್ರು ಬರುತ್ತೆ. ಅದನ್ನೂ ನಾನೇ ಅಂಟಿಸ್ತೀನಿ, ಬಿಡು."

ಎರ್ಮೆಸನ ಉಗುರು ನಾಯಕರ ಕಿವಿಯ ಹತ್ತಿರ ನಿಂತಿತು. ಅದನ್ನು ನಾನು ಅಲ್ಲೇ ಬಿಟ್ಟಿದ್ದೇನೆ.

೫
ಅಂತ್ಯ ಒಂದು: ಅವನು ಕಿತ್ತ. ಅಂತ್ಯ ಎರಡು: ಕೀಳಲಿಲ್ಲ. ಯಾವುದನ್ನೂ ಆರ್ಜಿಯಾ ಒಪ್ಪಲಿಲ್ಲ. ಅಂಟಿನ ಕೈಯನ್ನು ಲಂಗಕ್ಕೆ ಒರೆಸಿಕೊಂಡು, ಹೆಂಗಸರು ಎಂದೂ ಕೂರದ ಆ ಹೋಟೆಲಿಗೆ ನಡೆದಳು. ಒಂಟಿಯಾಗಿ ಇಸ್ಪೀಟೆಲೆ ಕಲೆಸುತ್ತಿದ್ದ ತಮ್ಮನ ಎದುರು ಕುರ್ಚಿ ಎಳೆದುಕೊಂಡಳು.

"ಹಂಚು."

"ಇಬ್ಬರಿಗಾ, ಅಕ್ಕಾ?"

"ನಾಲ್ಕು ಜನಕ್ಕೆ."

ಉಳಿದಿಬ್ಬರು ಯಾರು ಎಂದು ಕೇಳಿದೆ. ಅವಳು ನನ್ನನ್ನೂ, ನನ್ನ ಹೆಗಲ ಮೇಲಿಂದ ಇಣುಕುತ್ತಿರುವ ನಿಮ್ಮನ್ನೂ ನೋಡಿದಳು.

"ಬರೆದಿದ್ದು, ಓದಿದ್ದು ಸಾಕು. ಊರ ಮುಂದೆ ಬಂದು ಕೂತ್ಕೊಳ್ಳೋ ಧೈರ್ಯ ಇದ್ಯಾ?"

ಎಲೆ ಹಂಚಿಯಾಗಿದೆ. ಎರಡು ಕುರ್ಚಿ ಇನ್ನೂ ಖಾಲಿ.