ಜಪಾನಿನವಳ ಹಣೆ

ಹಣೆಯ ಕೆಂಪು ಇಳಿಯುತ್ತಿದೆ, ಹುಬ್ಬಿನ ತನಕ ಬಂತು, ಅಯ್ಯೋ ಶಿವನೆ, ಇದೇನು ಕಾಗದವೋ ಮರಳುಗಾಡೋ, ಬೆರಳ ತುದಿಯ ನೀರನ್ನು ಕೊಡಗಟ್ಟಲೆ ಕುಡಿದ ಹಾಗೆ ಹೀರುತ್ತಿದೆಯಲ್ಲ, ಎಂದು ಕೆಂಪಮ್ಮ ಊಟದ ಮೇಜಿನ ಮುಂದೆ ನಿಂತೇ ಇದ್ದಾಳೆ — ಶುಕ್ರವಾರ, ದೇವರ ಪಟಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಕುಂಕುಮವಿಡುತ್ತ ಬರುತ್ತಿದ್ದಳು, ಅಷ್ಟೆ, ಲಕ್ಷ್ಮಿಗಿಟ್ಟಳು, ಚಾಮುಂಡಿಗಿಟ್ಟಳು, ಗಾಜಿನ ಚೌಕಟ್ಟು ಬಿಚ್ಚಿ ಮೇಜಿನ ಮೇಲೆ ಮಲಗಿಸಿದ್ದ ಈ ಜಪಾನಿನ ಚಿತ್ರದ ಹೆಂಗಸು ಕಂಡಳು, ಏನಮ್ಮ ತಾಯಿ, ಏಳು ಸೀರೆ ಒಟ್ಟಿಗೆ ಸುತ್ಕೊಂಡಿದೀಯ, ಹಣೆ ಮಾತ್ರ ನನ್ನ ಥರ ಬೋಳು, ಗಂಡ ಇಲ್ವೇನೇ, ಬಾ ಇಲ್ಲಿ, ಎಂದು ನಗುತ್ತ ಒತ್ತಿಯೇಬಿಟ್ಟಳು — ಮಗಳು ಕವನಾ ಬೆಳಗಿಂದ ಸಾವಿರ ಸಲ ಹೇಳಿದ್ದಾಳೆ, ಮುಟ್ಬೇಡಮ್ಮ, ಮರದ ಹಲಗೇಲಿ ಕೆತ್ತಿ ಬಣ್ಣ ಬಳಿದು ಒತ್ತಿರೋ ಚಿತ್ರ, ನಿಮ್ಮಜ್ಜಿಗಿಂತ ಹಳೇದು, ಅಡಿಲೇಡ್‌ನಲ್ಲಿರೋ ನಮ್ಮ ಟೀಚರ್ ನನ್ನ ನಂಬಿ ಕೊಟ್ಟಿದಾರೆ, ಇವತ್ತು ಮಧ್ಯಾಹ್ನಾನೇ ಪ್ಯಾಕ್ ಮಾಡಿ ವಾಪಸ್ ಕಳಿಸ್ಬೇಕು — ಈ ಜಪಾನಿನವಳ ಗೆರೆ ನೋಡಿ ನೋಡಿಯೇ ಮಗಳು ಅಮ್ಮನ ಮುಖವನ್ನೂ ಮರದಲ್ಲಿ ಕೆತ್ತಲು ಕಲಿತದ್ದು, ನಿನ್ನ ಸುಕ್ಕಿಗೆ ಒಂದು ಹಲಗೆ ಸಾಲಲ್ಲಮ್ಮ, ಕಾಡೇ ಬೇಕು, ಅಂತ ಗೇಲಿ ಬೇರೆ, ಇನ್ನು ಯಾವ ಟೀಚರ್ ಮಗಳನ್ನು ನಂಬುತ್ತಾರೆ — ಬ್ರಿಸ್ಬೇನಿನಲ್ಲಿ ಮಗ ಅಕ್ಷಯನ ಮನೆಯಲ್ಲೂ ಇದೇ ಆಯಿತು, ಮಸಿ ಹಿಡಿದಿದೆ ಎಂದು ಸೊಸೆಯ ನಾನ್‌ಸ್ಟಿಕ್ ಬಾಣಲೆಯನ್ನು ಉಜ್ಜಿ ಉಜ್ಜಿ ಬೆಳ್ಳಿ ಮಾಡಿಟ್ಟಳು, ಇಡೀ ಸನ್ನಿಬ್ಯಾಂಕ್ ಬಡಾವಣೆಗೆ ಕೇಳುವ ಹಾಗೆ ಸೊಸೆ ಅಪರ್ಣಾ ಕಿರುಚಿದಳು, ಆಮೇಲೆ ಮಗಳಿರುವ ಈ ಪರ್ತ್‌ಗೆ ವಿಮಾನ, ಇಲ್ಲಿಂದ ಇನ್ನೆಲ್ಲಿಗೆ ಕಳಿಸಿಯಾರು, ಆಚೆ ಬರೀ ಸಮುದ್ರ — ಒರೆಸಿದರೆ ಹೋದೀತು, ಬಟ್ಟೆಯ ಮೂಲೆ ತಾಗಿಸಿದಳು, ಕುಂಕುಮ ಹೋಗಲಿಲ್ಲ, ಪಕ್ಕದ ನೀಲಿಯೂ ಎದ್ದು ಬಟ್ಟೆಗೆ ಬಂತು, ಎದೆ ಹೊಡೆದುಕೊಳ್ಳುವುದು ಆಚೆಯ ಜೂಂಡಲಪ್ ರೈಲು ಸ್ಟೇಷನ್ನಿಗೂ ಕೇಳಿಸುತ್ತಿರಬೇಕು, ಗ್ಯಾರೇಜಿನ ಬಾಗಿಲು ಗರಗರ ಮೇಲೆದ್ದಿತು, ಅಮ್ಮಾ, ಚಿತ್ರ ಸುತ್ತೋಕೆ ಬಬಲ್ ರ‍್ಯಾಪ್ ಸಿಕ್ತು, ಒಂದು ಕಾಫಿ ಮಾಡ್ತೀಯಾ — ಬೇಗ, ಇನ್ನೊಂದು ಸಲ ತಿಕ್ಕಿದರೆ ಬರೀ ಕಲೆ ಉಳಿಯುತ್ತದೆ, ಹಳೇ ಕಲೆ ಕಣೇ ಅಂದುಬಿಟ್ಟರಾಯಿತು, ಬಟ್ಟೆಯೊಳಗೆ ಹೆಬ್ಬೆರಳು ತೂರಿಸಿ ಬಗ್ಗಿದಳು, ಬಗ್ಗಿದವಳು ಹಾಗೇ — ಗಂಡನನ್ನು ಮಣ್ಣು ಮಾಡಿ ಬಂದ ದಿನ ಹೆಂಗಸರು ಹಿಡಿದು ಕೂರಿಸಿದ್ದರು, ಅತ್ತೆಯ ಹೆಬ್ಬೆರಳು ತನ್ನ ಹಣೆಯ ಕುಂಕುಮದ ಮೇಲೆ, ಹೋಗ್ತಿಲ್ಲ ಕಣ್ರೇ, ಇನ್ನೊಂಚೂರು ನೀರು ತನ್ನಿ, ಉಜ್ಜಿದಷ್ಟೂ ಹರಡುತ್ತಿತ್ತು, ಕಣ್ಣೊಳಗೆಲ್ಲ ಕೆಂಪು — ಅಮ್ಮ, ಏನ್ ಹಿಡ್ಕೊಂಡು ನಿಂತಿದೀಯ, ಕವನಾ ಬಾಗಿಲಲ್ಲೇ, ಬಟ್ಟೆ ಇಳಿಯದು, ಕೈ ಏಳದು, ಜಪಾನಿನವಳು ಕಣ್ಣು ಮಿಟುಕಿಸದೆ ಕಾಯುತ್ತಿದ್ದಾಳೆ, ಹಣೆ, ಹಣೆಯ ಮೇಲೆ ಹೆಬ್ಬೆರಳು, ಹೆಬ್ಬೆರಳು —