ಹೊಗೆಡಬ್ಬಿಯ ಕೆಂಡ

ಬೇಸಿಗೆ ನೆತ್ತಿಗೇರಿತ್ತು. ಗುಡ್ಡದ ಹುಲ್ಲು ಕಾಲಿಟ್ಟರೆ ಚರಚರ ಅನ್ನುತ್ತಿತ್ತು. ಗುಡ್ಡದ ಬುಡದಲ್ಲಿ ಪೆಟ್ಟಿಗೆಗಳಲ್ಲಿ ಜೇನು ಸಾಕುತ್ತಿದ್ದ ಮುದುಕನನ್ನು ಎಲ್ಲರೂ ಜೇನಜ್ಜ ಎಂದೇ ಕರೆಯುತ್ತಿದ್ದರು. ಹುಳಗಳು ಕೆರಳದಿರಲೆಂದು ಹೊಗೆಡಬ್ಬಿಯಲ್ಲಿ ನಾರು ಸುಟ್ಟು ಹೊಗೆ ಹಾಕುವನು. ಕೆಲಸ ಮುಗಿದ ಮೇಲೆ ಡಬ್ಬಿಯನ್ನು ಅಲ್ಲೇ ಹುಲ್ಲಿನ ಮೇಲೆ ಕೊಡವಿ ಮನೆಗೆ ನಡೆಯುವನು.

ಅವನ ತಂಗಿಯ ಮಗಳಿಗೆ ಕಾಡು ಕಾಯುವ ಕೆಲಸ. ಒಂದು ದಿನ ಅದನ್ನು ಕಂಡು ಓಡಿಬಂದಳು.

"ಮಾವಾ, ಅಲ್ಲಿ ಕೊಡವ್ಬೇಡ. ಬೂದಿ ಒಳಗೆ ಕೆಂಡ ಇರತ್ತೆ."

"ಹೋಗೇ! ನಮ್ಮಪ್ಪನೂ ಇಲ್ಲೇ ಕೊಡವ್ತಿದ್ದ. ಒಂದು ಕಡ್ಡಿ ಸುಟ್ಟಿದ್ದು ನಾ ಕಾಣೆ."

"ಆಗ ಹುಲ್ಲು ಹೇಗಿತ್ತು, ಹೇಳು?"

ಅಜ್ಜ ಗುಡ್ಡದ ಕಡೆ ನೋಡಿದ. ಆಗ ಬಿರುಬೇಸಿಗೆಯಲ್ಲೂ ಗುಡ್ಡದಿಂದ ನೀರು ಜಿನುಗುತ್ತಿತ್ತು. ಮದುವೆಯಾದ ಹೊಸತರಲ್ಲಿ ಹೆಂಡತಿ ಅಲ್ಲೇ ಕೂತು ಜೇನುಹುಟ್ಟಿನ ತುಂಡು ಚೀಪುತ್ತಿದ್ದಳು. ಅಂಟಿದ ಕೈ ಒರತೆಯಲ್ಲಿ ತೊಳೆದು, ಅವನ ಮುಖಕ್ಕೆ ನೀರು ಚಿಮುಕಿಸಿ ನಗುತ್ತಿದ್ದಳು. ಕೊಡವಿದ ಕೆಂಡ ಹಸಿಹುಲ್ಲಿಗೆ ಬಿದ್ದು ಚುಂಯ್ ಎಂದು ಆರುತ್ತಿತ್ತು. ಈಗ ಅವಳೂ ಇಲ್ಲ, ಒರತೆಯೂ ಇಲ್ಲ.

"ಒದ್ದೆ ಇತ್ತು ಕಣೆ," ಅಂದ ಮೆಲ್ಲಗೆ.

ಬಾಯಿ ಒಪ್ಪಿತು, ಕೈ ಒಪ್ಪಲಿಲ್ಲ. ಮರುದಿನ ಮತ್ತೆ ಅಲ್ಲೇ ಕೊಡವಿದ. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಬೆನ್ನಿಗೆ ಬಿಸಿ ತಾಗಿತು. ತಿರುಗಿ ನೋಡಿದರೆ ಬೆಂಕಿ ಗಾಳಿಯ ಬೆನ್ನೇರಿ ಗುಡ್ಡ ಹತ್ತುತ್ತಿದೆ!

ಅವನ ಕೂಗಿಗೆ ತಂಗಿಯ ಮಗಳು ತನ್ನ ಜೊತೆಗಾರರನ್ನು ಕರೆದುಕೊಂಡು ಬಂದಳು. ಹಸಿಸೊಪ್ಪಿನಿಂದ ಬಡಿದರು, ಮುಂದಿನ ಹುಲ್ಲು ಕೆರೆದು ಬೆಂಕಿಗೆ ದಾರಿ ಇಲ್ಲದಂತೆ ಮಾಡಿದರು. ಕಾಡು ಉಳಿಯಿತು. ಸಾಲಿನ ಕೊನೆಯ ಜೇನುಪೆಟ್ಟಿಗೆ ಉಳಿಯಲಿಲ್ಲ.

"ನಿಮ್ಮತ್ತೆ ಕೈಯಾರೆ ಹಿಡಿದು ತಂದ ಹುಳ ಅವು," ಅಜ್ಜ ಸುಟ್ಟ ಪೆಟ್ಟಿಗೆಯ ಮುಂದೆ ಕೂತ. "ಬೈದ್ಬಿಡೇ ನನ್ನ."

"ಬೈದ್ರೆ ಹುಳ ವಾಪಸ್ ಬರ್ತಾವಾ ಮಾವಾ? ಬಾ ಇಲ್ಲಿ. ಕೆಂಡದ ಮೇಲೆ ನೀರು ಹಾಕು. ಕೋಲಲ್ಲಿ ಕದಡು. ಮತ್ತೆ ನೀರು ಹಾಕು. ಈಗ ಹಿಂಗೈ ಹತ್ರ ಹಿಡಿ. ಬಿಸಿ ಇದ್ಯಾ?"

"ಇದೆ."

"ಹಾಗಾದ್ರೆ ಇನ್ನೂ ಆರಿಲ್ಲ."

ಅಂದೇ ಅಜ್ಜ ಪೆಟ್ಟಿಗೆಗಳ ಸುತ್ತ ಹುಲ್ಲು ಕೆರೆದು ಬರೀ ಮಣ್ಣು ಮಾಡಿದ. ಗಾಳಿ ಎದ್ದ ದಿನ ಹೊಗೆಡಬ್ಬಿ ಮುಟ್ಟುವುದನ್ನೇ ಬಿಟ್ಟ. ಅಷ್ಟೇ ಅಲ್ಲ, ಮನೆಮನೆಯ ಬಾಗಿಲಲ್ಲಿ ನಿಂತು, "ಇವತ್ತು ಗಾಳಿ ಜೋರಿದೆ, ಕಸಕ್ಕೆ ಬೆಂಕಿ ಹಚ್ಬೇಡ್ರಪ್ಪಾ" ಅನ್ನತೊಡಗಿದ.

ನಿಮ್ಮಲ್ಲೂ ಹುಲ್ಲು ಒಣಗಿದೆಯಲ್ಲವೇ? ಬೀಡಿ ತುಂಡು ಎಸೆಯುವ ಮುನ್ನ, ಒಲೆಯ ಬೂದಿ ಸುರಿಯುವ ಮುನ್ನ ಒಂದು ಗಳಿಗೆ ನಿಲ್ಲಿ. ಹೊಗೆ ಕಂಡರೆ ಇನ್ಯಾರೋ ಹೇಳುತ್ತಾರೆಂದು ಕಾಯದೆ ಕಾಡು ಕಾಯುವವರಿಗೆ ತಕ್ಷಣ ತಿಳಿಸಿ. ಕಾಡು ಬೆಳೆಯಲು ಒಂದು ತಲೆಮಾರು ಬೇಕು. ಸುಡಲು ನಮ್ಮ ಕೈಯ ಒಂದು ಕಿಡಿ ಸಾಕು.